ಒಂದು ಹಲಸಿನಕಾಯಿಲಿ ಎಷ್ಟು ಹೊತ್ತಿನ ಊಟ?



ಕಳುದ ವಾರ ಎಂಗಳಲ್ಲಿ ಉಗ್ರಾಣದ ಬಾಗಿಲು ಕಳಚ್ಚಿದವು. ಹಲಸಿನ ಮರದ ಬಾಗಿಲು. ನೋಡ್ಲೆ ಗಟ್ಟಿಯೇ ಇದ್ದು, ಆದರೆ ಕೆಳಾಣ ಹೊಡೆಲಿ ಒರಳೆ ಹಿಡುದಿತ್ತು. ಆಚಾರಿ ಅದರ ಜೆಗಿಲಿಲಿ ಕವುಂಚಿ ಮಡುಗಿಯಪ್ಪಗ ಹಿಂದಾಣ ಹೊಡೆಲಿ ಕತ್ತಿಲಿ ಕೆರದ ಗೀಟುಗೊ ಕಂಡತ್ತು. ಸಾಲು ಸಾಲು ಗೀಟು. ಕೆಲವು ಉದ್ದ, ಕೆಲವು ಗಿಡ್ಡ, ಒಂದು ಕರೆಲಿ ಸಾಸಮೆ ಕಾಳಿನಷ್ಟು ಸಣ್ಣ ಸಣ್ಣ ಕುತ್ತುಗೊ. ಇದರ ಕೀಸಿ ಪಾಲಿಶ್ ಕೊಟ್ಟರೆ ಹೊಸತ್ತರ ಹಾಂಗೆ ಅಕ್ಕು ಹೇಳಿದ ಆಚಾರಿ. ಬೇಡ, ಒರಳೆ ತಿಂದ ಹಲಗೆ ಒಂದು ಬದಲ್ಸಿರೆ ಸಾಕು ಹೇಳಿದೆ ಆನು. ಎಂತಕೆ ಹೇಳಿ ಮಗನೂ ಕೇಳಿದ, ಸೊಸೆಯೂ ಕೇಳಿತ್ತು. ಅವಕ್ಕೆ ಬಾಯಿಲಿ ಹೇಳಿದ್ದರನ್ನೇ ನಿಂಗೊಗೆ ಇಲ್ಲಿ ಬರೆತ್ತೆ.

ಆ ಗೀಟುಗೊ ಎಂಗಳ ಮನೆಯ ಅಕ್ಕಿ ಲೆಕ್ಕ. ಹಾಕಿದ್ದು ಎನ್ನ ಅತ್ತೆಯ ಅತ್ತೆ, ಹೇಳಿರೆ ಎಂಗಳ ಮನೆಯವರ ಅಜ್ಜಿ. ಅವಕ್ಕೆ ಓದು ಬರಹ ಗೊಂತಿತ್ತಿದ್ದಿಲ್ಲೆ, ಲೆಕ್ಕ ಮಾಂತ್ರ ಆರೂ ತಪ್ಪುಸುಲೆ ಎಡಿಯ. ಉದ್ದದ ಒಂದು ಗೀಟು ಹೇಳಿರೆ ಒಂದು ಮುಡಿ ಅಕ್ಕಿ. ಈಗಾಣ ಕೂಸುಗೊಕ್ಕೆ ಮುಡಿ ಗೊಂತಿರ. ಬೆಳೂಲಿಲಿ ಸುತ್ತಿ ಉರುಟಿಂಗೆ ಬಿಗುದು ಕಟ್ಟಿದ ಅಕ್ಕಿಯ ಕಟ್ಟ ಅದು, ಅಟ್ಟಲ್ಲಿ ಮಡುಗಿರೆ ಮಳೆಗಾಲಲ್ಲಿಯೂ ಅಕ್ಕಿ ಹಾಳಾಗ. ಹದಿನಾಲ್ಕು ಸೇರಿಂಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ, ಅಂಬಗ ಮುಡಿಗೆ 42 ಸೇರು. ಮುಡಿ ಬಿಚ್ಚಿದ ದಿನ ಒಂದು ಗೀಟು. ಗಿಡ್ಡ ಗೀಟು ಹೇಳಿರೆ ಉಪ್ಪುಸೊಳೆ ಹಾಕಿದ ಭರಣಿ. ಸಣ್ಣ ಕುತ್ತುಗಳ ಸಂಗತಿ ಮತ್ತೆ ಹೇಳ್ತೆ.

ಅಕ್ಕಿಯ ಲೆಕ್ಕದ ಹತ್ತರೆ ಹಲಸಿನ ಲೆಕ್ಕ ಎಂತಕೆ ಬಂತು? ಅದುವೇ ಇಂದ್ರಾಣ ಶುದ್ದಿ. ಹಲಸಿನಕಾಯಿ ದೋಸೆ, ಸೊಳೆ ರೊಟ್ಟಿ, ಕೊಟ್ಟಿಗೆ, ಉಂಡ್ಲಕಾಳು, ಸಾಂತಾಣಿ ಹೇಳಿ ನಾವು ಈಗ ಕೊಶಿಲಿ ಮಾಡ್ತು, ಫೋಟೋ ತೆಗದು ಗ್ರೂಪಿಂಗೆ ಹಾಕುತ್ತು, ಹಿಂದಾಣವರ ರುಚಿ ನೋಡಿ ಹೇಳ್ತು. ಈ ಬಾಗಿಲಿನ ಓದುಲೆ ಕಲ್ತ ಮತ್ತೆ ಎನಗೆ ಹಾಂಗೆ ಹೇಳ್ಲೆ ಬಾಯಿ ಬತ್ತಿಲ್ಲೆ. ಇದರ ಹೆಚ್ಚಿಂದೂ ಅಕ್ಕಿ ಒಳಿಶುಲೆ ಮಾಡಿದ ಉಪಾಯಂಗೊ.

ನಮ್ಮ ಊರಿನ ಬೇಸಾಯದ ಲೆಕ್ಕ ನೋಡಿ. ಮಳೆ ಸುರು ಆದಪ್ಪಗ ನೆಟ್ಟ ಏಣೆಲು ಮನೆಗೆ ಬಪ್ಪದು ಅಕ್ಟೋಬರ ಹೊತ್ತಿಂಗೆ. ಸುಗ್ಗಿ ಬೆಳೆಯ ಅಕ್ಕಿ ಬೇಸಗೆ ಕಳುದು ಆಟಿ ತಿಂಗಳಿಂಗೆ ಎತ್ತುವಗ ಅಡಿ ಕಾಂಬಲೆ ಸುರು ಆವ್ತು. ಆಟಿ ಹೇಳಿರೆ ಜುಲೈ ಮಧ್ಯಂದ ಆಗೋಸ್ತು ಮಧ್ಯದ ವರೆಗೆ. ಜಡಿ ಮಳೆ, ಹೆರ ಕೆಲಸ ಇಲ್ಲೆ, ಒಳ ಅಕ್ಕಿ ಇಲ್ಲೆ. ಪೆರಾಬೆ, ಆಲಂಕಾರು, ಕುಂತೂರು ಹೊಡೆಲಿ ಅಡಕ್ಕೆ ತೋಟ ಇಪ್ಪವಕ್ಕೆ ಗೆದ್ದೆ ಕಮ್ಮಿ, ಹಾಂಗಾಗಿ ಈ ಅಡಿ ಕಾಂಬದು ರಜ ಬೇಗವೇ. ಅಷ್ಟಪ್ಪಗಳೇ ಮರ ಮರಲ್ಲಿ ಹಲಸು. ಫೆಬ್ರವರಿ ಮಾರ್ಚಿಲಿ ಗುಜ್ಜೆ, ಎಪ್ರಿಲ್ ಮೇಲಿ ಬೆಳದ ಕಾಯಿ, ಮತ್ತೆ ಹಣ್ಣು. ಹಸಿದು ಹಲಸು ಉಂಡು ಮಾವು ಹೇಳಿ ಗಾದೆ ಇದ್ದನ್ನೆ. ಮಾವಿನ ಹಣ್ಣು ಉಂಡಿಕ್ಕಿ ತಿಂಬದು, ಹಲಸು ಹಶುವಿಂಗೆ ತಿಂಬದು. ಗಾದೆ ಮಾಡಿದವಕ್ಕೆ ಅಟ್ಟದ ಅಕ್ಕಿಯ ಶುದ್ದಿ ಗೊಂತಿತ್ತು ಹೇಳಿ ಕಾಣ್ತು.

ಹಲಸು ಹೆರಂದ ಬಂದದ್ದಲ್ಲ, ನಮ್ಮ ಪಶ್ಚಿಮ ಘಟ್ಟದ್ದೇ ಮರ. 14ನೇ ಶತಮಾನಲ್ಲಿ ಮಂಗಳೂರಿಂಗೂ ಬಂದ ಇಬ್ನ್ ಬತೂತ ಹೇಳ್ತ ಪ್ರವಾಸಿ ಈ ಹಣ್ಣಿನ ಬಗ್ಗೆ ಬರದ್ದ. ಬುಡಲ್ಲಿ ಅಪ್ಪದಕ್ಕೆ 'ಬರ್ಕಿ', ಮೇಗೆ ಅಪ್ಪದಕ್ಕೆ 'ಶಕಿ' ಹೇಳುದು, ಬುಡದ್ದು ಹೆಚ್ಚು ಸೀವು ಹೇಳಿ. ಬರ್ಕಿ ಹೇಳುವಗ ಎನಗೆ ನಮ್ಮ ಬಕ್ಕೆ ಹಲಸು ನೆಂಪಾವ್ತು. ಶಬ್ದದ ಸಂಬಂಧ ಇದ್ದೋ ಇಲ್ಲೆಯೋ ಗೊಂತಿಪ್ಪವು ಹೇಳೆಕ್ಕು, ಬುಡದ ಕಾಯಿ ಹೆಚ್ಚು ಸೀವು ಹೇಳ್ತದರ ಎಂಗಳ ಅತ್ತೆಯೂ ಹೇಳುಗು.

ಬಾಗಿಲಿನ ಮೇಗಾಣ ಸಾಲು ಯುದ್ಧದ ಕಾಲದ್ದು. 1942ರಲ್ಲಿ ಜಪಾನಿನವು ಬರ್ಮಾವ ಹಿಡುದವು. ಹಡಗಿಲಿ ಬಂದೊಂಡಿತ್ತಿದ್ದ ಬರ್ಮಾ ಅಕ್ಕಿ ನಿಂದತ್ತು. ಮಲಬಾರು, ಕೊಚ್ಚಿ, ತಿರುವಾಂಕೂರಿನವು ಆ ಅಕ್ಕಿಯ ನಂಬಿಗೊಂಡೇ ಇದ್ದದು. ನಮ್ಮ ಜಿಲ್ಲೆ ಆಗ ಮದರಾಸು ಪ್ರಾಂತ್ಯಲ್ಲಿತ್ತು. ಇಲ್ಲಿ ಗೆದ್ದೆ ಇತ್ತು, ಅಕ್ಕಿ ಬೆಳಕ್ಕೊಂಡಿತ್ತು, ಆದರೆ ಬೆಳದ್ದರ ಮೇಲೆ ಸರ್ಕಾರದ ಕಣ್ಣು ಬಿದ್ದತ್ತು. ಬೆಳದವು ಸರ್ಕಾರಕ್ಕೆ ಅಳದು ಕೊಡೆಕ್ಕು, ಬೇಕಾದವು ರೇಶನಿಲಿ ತೆಕ್ಕೊಳ್ಳೆಕ್ಕು. ಯುದ್ಧ ಮುಗುದರೂ ರೇಶನ್ ಮುಗುದ್ದಿಲ್ಲೆ. 1952ರಲ್ಲಿ ರಾಜಾಜಿ ಮದರಾಸಿನ ಮುಖ್ಯಮಂತ್ರಿ ಆದ ಮತ್ತೆಯೇ ಅಕ್ಕಿಯ ಮೇಲಾಣ ನಿಯಂತ್ರಣ ತೆಗದವು. ಆ ಹತ್ತು ವರ್ಷದ ಗೀಟುಗೊ ಹತ್ತರೆ ಹತ್ತರೆ ಇಲ್ಲೆ, ದೂರ ದೂರ ಇದ್ದು. ಒಂದು ಮುಡಿ ಬಿಚ್ಚಿ ಇನ್ನೊಂದು ಬಿಚ್ಚುವ ಎಡೆಲಿ ಗಿಡ್ಡ ಗೀಟುಗೊ ಜಾಸ್ತಿ.

ದೂರ ಹೇಳಿರೆ ಎಷ್ಟು? ಅತ್ತೆ ಎನಗೆ ಹೇಳಿಕೊಟ್ಟ ಲೆಕ್ಕ ಹೀಂಗೆ. ಮನೆಲಿ ಹದಿನಾಲ್ಕು ಜೆನ. ಮೂರು ಹೊತ್ತೂ ಅಕ್ಕಿಯೇ ಆದರೆ ದಿನಕ್ಕೆ ಐದು ಸೇರು ಬೇಕು, ಮುಡಿ ಎಂಟು ದಿನಕ್ಕೆ ಮುಗುದತ್ತು. ಉದಿಯಪ್ಪಗಣ ತಿಂಡಿಗೂ ಇರುಳಾಣ ಊಟಕ್ಕೂ ಹಲಸು ಸೇರಿರೆ ಮೂರು ಸೇರು ಸಾಕು, ಅದೇ ಮುಡಿ ಹದಿನಾಲ್ಕು ದಿನ ಬತ್ತು. ಮರಲ್ಲಿ ಕಾಯಿ ಇಪ್ಪ ನಾಕು ತಿಂಗಳು ಹೀಂಗೆ ನೆಡದರೆ ಆಟಿ ದಾಂಟುಗು.

ಮೊನ್ನೆ ಬಾವಿಕಟ್ಟೆ ಹತ್ತರಾಣ ಮರದ್ದು ಒಂದು ಕಾಯಿ ಕೊಯ್ಶಿ ಆನುದೇ ತೂಗಿ ನೋಡಿದೆ. 14 ಕಿಲೊ. ಮೆಟ್ಟುಕತ್ತಿಲಿ ಕೊರದು, ಕೈಗೆ ತೆಂಗಿನೆಣ್ಣೆ ಉದ್ದಿ, ಸೊಳೆ ಬಿಡುಸಿಯಪ್ಪಗ ಸೊಳೆ ನಾಕು ಕಿಲೊ ಚಿಲ್ಲರೆ, ಬೇಳೆ ಒಂದೂವರೆ ಕಿಲೊ. ಒಳುದ್ದೆಲ್ಲ ರೆಚ್ಚೆ, ಗೂಂಜು, ಸೊಳೆ ಎಡೆಲಿಪ್ಪ ನಾರು. ಪೇಟೆಲಿ ಆದರೆ ಅರ್ಧಕ್ಕಿಂತ ಜಾಸ್ತಿ ಕಸವಿನ ತೊಟ್ಟಿಗೆ. ಮದಲು ಕಸವು ಹೇಳ್ತದು ಇತ್ತಿದ್ದಿಲ್ಲೆ. ರೆಚ್ಚೆಯ ಕೊಚ್ಚಿ ದನಗೊಕ್ಕೆ ಹಾಕುಗು. ಮಯಣವ ಕೋಲಿಂಗೆ ಸುತ್ತಿ ತೆಗದು ಮಡುಗುಗು, ಸಣ್ಣ ಬಿರುಕು ಬಿಟ್ಟ ಪಾತ್ರಕ್ಕೆ ಮೆತ್ತುಲೆ ಆವ್ತು ಹೇಳಿ.

ಸೊಳೆಲಿ ಒಂದು ಪಾಲು ಅಂದೇ ಬೆಂದಿಗೆ. ಎರಡನೇ ಪಾಲು ಮರದಿನ ಉದಿಯಪ್ಪಗಣ ದೋಸೆಗೆ. ಈಗ ನಾವು ಅಕ್ಕಿ ಸೊಳೆ ಸಮ ಸಮ ಹಾಕುತ್ತು, ಕೆಲವು ಜೆನ ಅಕ್ಕಿ ಹೆಚ್ಚು ಹಾಕುಗು. ಅಜ್ಜಿಯ ಲೆಕ್ಕ ಒಂದು ಸೇರು ಅಕ್ಕಿಗೆ ಮೂರು ಸೇರು ಸೊಳೆ. ಉದ್ದು ಇಲ್ಲೆ, ಹುಳಿ ಬಪ್ಪಲೆ ಕಾಯೆಕ್ಕು ಹೇಳಿಯೂ ಇಲ್ಲೆ. ಅಕ್ಕಿ ಕಮ್ಮಿ ಆದಷ್ಟೂ ದೋಸೆ ಕಲ್ಲಿಂಗೆ ಅಂಟುದು ಜಾಸ್ತಿ. ಅದರ ಹರಿಯದ್ದೆ ಎಳಕ್ಕುವದು ಹೆಮ್ಮಕ್ಕಳ ಪರೀಕ್ಷೆ. ಮೂರನೇ ಪಾಲು ಉಪ್ಪಿಂಗೆ.

ಉಪ್ಪುಸೊಳೆಯ ಬಗ್ಗೆ ರಜ ನಿಧಾನಲ್ಲಿ ಹೇಳೆಕ್ಕು. ಈಗ ಫ್ರಿಜ್ಜು ಇಪ್ಪವಕ್ಕೆ ಅದರ ಬೆಲೆ ಗೊಂತಾಗ. ಬೆಳದ, ಆದರೆ ಹಣ್ಣಾಗದ್ದ ಕಾಯಿಯ ಸೊಳೆ ಆಯೆಕ್ಕು. ಬೇಳೆ ತೆಗದು, ನೀರು ತಾಗುಸದ್ದೆ, ಭರಣಿಲಿ ಒಂದು ವರಸೆ ಸೊಳೆ ಒಂದು ವರಸೆ ಕಲ್ಲುಪ್ಪು. ಎಂಗಳಲ್ಲಿ ಐದು ಸೇರು ಸೊಳೆಗೆ ಒಂದು ಸೇರು ಉಪ್ಪು. ಮೇಗೆ ಬಾಳೆಲೆ ಮುಚ್ಚಿ ಕಲ್ಲಿನ ಭಾರ. ಎರಡು ಮೂರು ದಿನಲ್ಲಿ ಸೊಳೆ ತಾನೇ ನೀರು ಬಿಟ್ಟು ಅದರಲ್ಲಿಯೇ ಮುಳುಗುತ್ತು. ಉಪ್ಪು ಕಮ್ಮಿ ಆದರೆ ಆಟಿಲಿ ಭರಣಿ ಬಿಚ್ಚುವಗ ಹುಳ, ಹೆಚ್ಚಾದರೆ ಮೂರು ನೀರಿಲಿ ಬೊದುಲ್ಸಿರೂ ಉಂಬಲೆ ಎಡಿಯ. ಉಪ್ಪಿಂಗೂ ಪೈಸೆ ಬೇಕು. ಬ್ರಿಟಿಷರ ಕಾಲಲ್ಲಿ ಉಪ್ಪಿನ ಮೇಲೆಯೂ ತೆರಿಗೆ ಇತ್ತನ್ನೆ, ಅದರ ತೆಗದ್ದು 1947ರಲ್ಲಿ. ಅಂಬಗ ಒಂದು ಭರಣಿ ಸೊಳೆ ಹಾಕುದು ಹೇಳಿರೆ ಧರ್ಮಕ್ಕೆ ಸಿಕ್ಕಿದ್ದರ ತುಂಬುಸಿ ಮಡುಗುದಲ್ಲ. ಅಡಕ್ಕೆ ಮಾರಿದ ಪೈಸೆಲಿ ಒಂದು ಪಾಲು ಉಪ್ಪಿನಂಗಡಿ ಪೇಟೆಂದ ಉಪ್ಪಾಗಿ ಬಂದು ಈ ಭರಣಿಲಿ ಕೂಬದು. (ಊರಿನ ಹೆಸರಿಲಿಯೇ ಉಪ್ಪಿನ ಅಂಗಡಿ ಇದ್ದು, ಗಮನಿಸಿದ್ದಿರೋ?)

ಮಳೆಗಾಲಲ್ಲಿ ಆ ಸೊಳೆಯ ತೆಗದು ನೀರಿಲಿ ಹಾಕಿ ಉಪ್ಪು ಬಿಡುಸಿ, ತಾಳು ಮಾಡ್ಲಕ್ಕು, ಕಡದು ರಜ ಅಕ್ಕಿಹೊಡಿ ಸೇರ್ಸಿ ಬಾಳೆಲೆಲಿ ತಟ್ಟಿ ರೊಟ್ಟಿ ಮಾಡ್ಲಕ್ಕು. ಉಂಡ್ಲಕಾಳು ಮಾಡುದು ಅಪರೂಪ, ಅದಕ್ಕೆ ಎಣ್ಣೆ ಬೇಕನ್ನೆ. ಜೋರು ಮಳೆಗೆ ಜೆಗಿಲಿಲಿ ಕೂದು ಕುರುಕುರು ಉಂಡ್ಲಕಾಳು ತಿಂದ ನೆಂಪು ನಮ್ಮ ಪ್ರಾಯದವಕ್ಕೆ ಇದ್ದು, ಅಜ್ಜಿಯ ಕಾಲದ ಮಕ್ಕೊಗೆ ಅದು ಹಬ್ಬದ ಲೆಕ್ಕ.

ಬೇಳೆಯ ಬುದ್ಧಿವಂತಿಕೆ ಇನ್ನೊಂದು. ಕರಾವಳಿಲಿ ತೊಗರಿ ಬೆಳೆತ್ತಿಲ್ಲೆ. ತೊಗರಿಬೇಳೆ ಬೇಕಾದರೆ ಅಂಗಡಿಂದಲೇ ತರೆಕ್ಕು. ಹಾಂಗಾಗಿ ಸೌತೆಕಾಯಿ ಕೊದಿಲಿಂಗೆ, ಬಸಳೆ ಬೆಂದಿಗೆ, ಹರಿವೆ ತಾಳಿಂಗೆ ಹಲಸಿನ ಬೇಳೆ ಬಂತು. ಈಗ ನಾವು ಸೌತೆಕಾಯಿಗೆ ಹಲಸಿನ ಬೇಳೆ ಕೂಡಿರೇ ಚೆಂದ ಹೇಳ್ತು, ಅಪ್ಪು, ಚೆಂದವೇ. ಸುರುವಿಂಗೆ ಅದು ಅಂಗಡಿಗೆ ಹೋಪದರ ತಪ್ಪುಸಿದ್ದು. ಬೇಳೆಯ ಕೆಮ್ಮಣ್ಣಿಲಿ ಕಲಸಿ ಉಗ್ರಾಣದ ಮೂಲೆಲಿ ಗುಡ್ಡೆ ಹಾಕಿರೆ ಮಳೆಗಾಲ ಪೂರ ಹಾಳಾಗ, ಕೊಂಬೆಯೂ ಬೇಗ ಬಾರ. ಬೇಶಿ ಉಪ್ಪು ಹಾಕಿ ಬೆಶಿಲಿಲಿ ಒಣಗುಸಿರೆ ಸಾಂತಾಣಿ, ಕಲ್ಲಿನ ಹಾಂಗೆ ಗಟ್ಟಿ. ಅದರ ಕಿಸೆಲಿ ಹಾಕಿಗೊಂಡು ಮಕ್ಕೊ ಶಾಲೆಗೆ ನೆಡಗು. ಒಂದು ಸಾಂತಾಣಿ ಬಾಯಿಲಿ ಕರಗುವಗ ಶಾಲೆ ಎತ್ತುಗು. ಕೊದಿಲಿಂಗೆ ಹಾಕುವಗ ಅಜ್ಜಿ ಬೇಳೆಯ ಎಣಿಸಿ ಹಾಕುಗಡ, ಜೆನಕ್ಕೆ ಐದು.

ಹಣ್ಣಾದರೆ ಕೊಟ್ಟಿಗೆ. ಹಣ್ಣಿನ ಸೀವು ಇಪ್ಪಗ ಬೆಲ್ಲ ಬೇಡ. ಬಾಳೆಲೆಲಿ ಮಡುಸಿ ಅಟ್ಟಿನಳಗೆಲಿ ಬೇಶಿರೆ ಒಂದು ಹೊತ್ತು ಕಳುತ್ತು, ಒಳುದ್ದು ಮರದಿನವೂ ಅಕ್ಕು. ತುಳುವ ಹಣ್ಣಿನ ರಸವ ಚಾಪೆಲಿ ಎರದು ಒಣಗುಸಿ ಮಾಂಬಳ, ಬಕ್ಕೆಯ ಕಾಸಿ ಬೆರಟಿ. ಹಪ್ಪಳದ ಕತೆ ಇಲ್ಲಿ ಬೇಡ, ಅದಕ್ಕೇ ಬೇರೆ ಒಂದು ಶುದ್ದಿ ಬರೆಯೆಕ್ಕು, ಬೇಸಗೆಯ ಬೆನ್ನುಬೇನೆ ಸಮೇತ.

ಹೀಂಗೆ ಒಂದು ಕಾಯಿ ಹದಿನಾಲ್ಕು ಜೆನದ ಮನೆಲಿ ಐದಾರು ಹೊತ್ತಿನ ಊಟಕ್ಕೆ ಸೇರುಗು, ಹಟ್ಟಿಯ ದನದ್ದು ಬೇರೆ.

ಎನ್ನ ತಂಗೆಯ ಮಗಳು ಅಮೇರಿಕಲ್ಲಿದ್ದು. ಅಲ್ಲಿ ನವೆಂಬರ ತಿಂಗಳ ನಾಕನೇ ಗುರುವಾರ ಒಂದು ಹಬ್ಬ, ಆ ದಿನ ಟರ್ಕಿ ಹೇಳ್ತ ದೊಡ್ಡ ಕೋಳಿಯ ಹಾಂಗಿಪ್ಪ ಹಕ್ಕಿಯ ಇಡೀ ಬೇಶುಗಡ. ಹಬ್ಬಕ್ಕೆ ಮುಗಿತ್ತಿಲ್ಲೆ. ಮರದಿನ ರೊಟ್ಟಿ ಎಡೆಲಿ, ಮತ್ತಾಣ ದಿನ ಅಶನಕ್ಕೆ, ಅಕೇರಿಗೆ ಎಲುಗಿನ ಕೊದುಶಿ ಸಾರು. ನೆರೆಕರೆಯ ಅಜ್ಜಿ ಒಂದು ಅದಕ್ಕೆ ಇದರೆಲ್ಲ ವಿವರ್ಸಿತ್ತಡ. ನವಗೆ ಆಗದ್ದ ಸಂಗತಿ, ಆದರೆ ಫೋನಿಲಿ ಕೇಳುವಗ ಎನಗೆ ನೆಗೆ ಬಂತು. ದೇಶ ಯಾವುದಾದರೂ ದೊಡ್ಡ ಒಂದು ವಸ್ತು ಮನೆಗೆ ಬಂದರೆ ಅಡಿಗೆ ಒಳಾಣವಕ್ಕೆ ಸುರು ಅಪ್ಪದು ಇದೇ ಲೆಕ್ಕ. ಅಲ್ಲಿ ವರ್ಷಕ್ಕೆ ಒಂದು, ಇಲ್ಲಿ ದಿನಕ್ಕೆ ಒಂದು.

ಇನ್ನು 1965. ಆ ವರ್ಷವೂ ಅದರ ಮತ್ತಾಣ ವರ್ಷವೂ ದೇಶಲ್ಲಿ ಮಳೆ ಸರಿ ಆಯಿದಿಲ್ಲೆ. ಪ್ರಧಾನಿ ಲಾಲ್ ಬಹಾದೂರ್ ಶಾಸ್ತ್ರಿ ವಾರಕ್ಕೆ ಒಂದು ಹೊತ್ತು, ಸೋಮವಾರ ಇರುಳು, ಊಟ ಬಿಡಿ ಹೇಳಿ ಕೇಳಿಗೊಂಡವು. ಅಮೇರಿಕಂದ ಹಡಗಿಲಿ ಗೋಧಿ ಬಂತು. ಒಂದು ರಾಜ್ಯಂದ ಇನ್ನೊಂದಕ್ಕೆ ಅಕ್ಕಿ ಸಾಗುಸುಲೆ ಎಡಿಯ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಹೋದ್ದರಿಂದ ಎಂಗಳ ಅತ್ತೆಯ ಅಪ್ಪನ ಮನೆ ಈಗ ಬೇರೆ ರಾಜ್ಯ. ಅಲ್ಲಿ ಅಕ್ಕಿಗೆ ಇನ್ನೂ ತತ್ವಾರ. ಅತ್ತೆ ಅಪ್ಪನ ಮನೆಗೆ ಹೋಪಗ ಸಂಚಿಲಿ ಮೇಗೆ ಹಲಸಿನ ಬೇಳೆ, ಅಡಿಲಿ ಎರಡು ಸೇರು ಅಕ್ಕಿ. ಬಸ್ಸಿಲಿ ಆರಾದರೂ ಸಂಚಿಯ ಮುಟ್ಟಿರೆ ಎದೆ ಡಬಡಬ. ಇದರ ಹೇಳುವಗ ಮಾಂತ್ರ ಅತ್ತೆ ನೆಗೆ ಮಾಡುಗು.

ಆನು ಈ ಮನೆಗೆ ಬಂದದು 1991ರಲ್ಲಿ. ಸುರುವಾಣ ಬೇಸಗೆಲಿ ಉತ್ಸಾಹಲ್ಲಿ ಹಲಸಿನ ದೋಸೆ, ರೊಟ್ಟಿ, ಬೆಂದಿ ಎಲ್ಲ ಮಾಡಿದೆ. ಎಲ್ಲೋರೂ ಲಾಯ್ಕ ಆಯಿದು ಹೇಳಿ ತಿಂದವು. ಅತ್ತೆ ಮುಟ್ಟಿದ್ದವಿಲ್ಲೆ. ಅವಕ್ಕೆ ಒಂದು ಸೌಟು ಅಶನ, ಮಜ್ಜಿಗೆ, ಉಪ್ಪಿನಕಾಯಿ. ಎನ್ನ ಕೈ ಅಡಿಗೆ ಅವಕ್ಕೆ ಮೆಚ್ಚಿದ್ದಿಲ್ಲೆ ಹೇಳಿ ಆನು ಎರಡು ವರ್ಷ ಒಳಂದೊಳ ಬೇಜಾರು ಮಾಡಿಗೊಂಡಿತ್ತಿದ್ದೆ. ಅಬ್ಬೆಗೆ ಕಾಗದಲ್ಲಿಯೂ ಬರದ್ದೆ.

ಒಂದು ಇರುಳು ಕರೆಂಟು ಹೋಗಿತ್ತು. ಚಿಮಿಣಿ ದೀಪ ಮಡಿಕ್ಕೊಂಡು ಎಂಗೊ ಇಬ್ರೇ ಸೊಳೆ ಬಿಡುಸಿಗೊಂಡಿತ್ತಿದ್ದೆಯೊ. ಧೈರ್ಯ ಮಾಡಿ ಕೇಳಿದೆ, "ಅತ್ತೆ, ನಿಂಗೊಗೆ ಹಲಸು ಆವ್ತಿಲ್ಲೆಯೋ?"

ಅತ್ತೆ ರಜ ಹೊತ್ತು ಮಾತಾಡಿದ್ದವಿಲ್ಲೆ. ಮತ್ತೆ ಹೇಳಿದವು, "ಆಗದ್ದೆ ಎಂತ. ಹೊಟ್ಟೆ ತುಂಬುಗು ಕೂಸೇ. ಉಂಡ ಹಾಂಗೆ ಆಗ."

ಮುಡಿ ಹದಿನಾಲ್ಕು ದಿನ ಬಂದದು ಹೇಂಗೆ ಹೇಳಿ ಆ ಇರುಳು ಎನಗೆ ಸರಿಯಾಗಿ ಗೊಂತಾತು. ಮೂರು ಸೇರಿನ ಅಶನ ಎಲ್ಲೋರಿಂಗೂ ಸಮ ಹಂಚಿದ್ದಲ್ಲ. ನೆಂಟ್ರು ಬಂದರೆ ಅವಕ್ಕೆ ಅಶನ, ನೆಂಟ್ರಿಂಗೆ ಬೇಶಿದ ಸೊಳೆ ಬಳುಸುದು ಮರ್ಯಾದೆ ಅಲ್ಲ. ಗೆಂಡುಮಕ್ಕೊಗೆ ಅಶನ, ತೋಟಲ್ಲಿ ಕೆಲಸ ಮಾಡಿ ಬಪ್ಪವು. ಮಕ್ಕೊಗೆ ಅಶನ. ಅಕೇರಿಗೆ ಅಡಿಗೆ ಒಳ ಕೂಪ ನಾಕು ಹೆಮ್ಮಕ್ಕೊಗೆ ಇರುಳು ಸೊಳೆ, ಬೇಳೆ, ಮಜ್ಜಿಗೆ ನೀರು. ಆರೂ ಹಾಂಗೆ ಮಾಡಿ ಹೇಳಿ ಹೇಳಿದ್ದಲ್ಲ. ಅಳಗೆಯ ಅಡಿ ನೋಡಿಯಪ್ಪಗ ತಾನೇ ಗೊಂತಾವ್ತು, ಅಷ್ಟೆ. ಹದಿನಾರು ವರ್ಷಕ್ಕೆ ಮದುವೆ ಆಗಿ ಬಂದ ಅತ್ತೆ ನಾಕೈದು ಮಳೆಗಾಲ ಹಾಂಗೆ ಕಳುದ್ದವು. ಮತ್ತೆ ಮನೆಲಿ ಅಕ್ಕಿ ತುಂಬಿಯಪ್ಪಗ ಹಲಸಿನ ಬಿಟ್ಟವು. ನೇಮ ಹಿಡುದ್ದಲ್ಲ, ಸುಮ್ಮನೆ ಬಿಟ್ಟವು.

ಈಗ ಆ ಸಣ್ಣ ಕುತ್ತುಗೊ. ಎಣಿಸಿದೆ, 41 ಇದ್ದು. 1966ರ ಆಟಿಲಿ ಅತ್ತೆ ಬಾಳಂತಿ. ಬಾಳಂತಿಗೆ ಹಲಸು ಆಗ, ಬೇಳೆಯೂ ಆಗ, ವಾಯು. ಗೆಣಮೆಣಸಿನ ಸಾರು, ತುಪ್ಪ, ಮೆತ್ತಂಗೆ ಬೇಶಿದ ಅಶನವೇ ಆಯೆಕ್ಕು. ಮನೆಲಿ ಅಳವದು ದಿನಕ್ಕೆ ಮೂರೇ ಸೇರು. ಬಾಳಂತಿಗೆ ಹೇಳಿ ಒಂದು ಕುಡ್ತೆ ಹೆಚ್ಚು ಅಳದರೆ ಮುಡಿ ಬೇಗ ಮುಗಿಗು, ಮುಗುದರೆ ಮಾತು ಬಕ್ಕು. ಅಜ್ಜಿ ಆ ಮೂರು ಸೇರಿಂದಲೇ ದಿನಾ ಒಂದು ಕುಡ್ತೆ ತೆಗದು ಬಾಳಂತಿಯ ಅಳಗಗೆ ಹಾಕಿದವು. ತನ್ನ ಮಧ್ಯಾಹ್ನದ ಅಶನವನ್ನೂ ಬಿಟ್ಟವು. ಮೂರು ಹೊತ್ತೂ ಹಲಸು. ತೆಗದ ಒಂದೊಂದು ಕುಡ್ತೆಗೆ ಒಂದೊಂದು ಕುತ್ತು. ತಾನು ಮನೆಯ ಅಕ್ಕಿಯ ಹೆಚ್ಚು ತೆಗದ್ದಿಲ್ಲೆ ಹೇಳ್ತದಕ್ಕೆ ಲೆಕ್ಕ ಇರಳಿ ಹೇಳಿಯೋ, ಅಲ್ಲ ಎಂತ ಗ್ರೇಶಿ ಹಾಕಿದವೋ. ಅತ್ತೆಗೆ ಆಗ ಗೊಂತಿತ್ತಿದ್ದಿಲ್ಲೆ. ಅಜ್ಜಿ ತೀರಿಹೋದ ಮತ್ತೆ ಎಂಗಳ ಸೋದರತ್ತೆ ಒಂದು ದಿನ ಬಾಗಿಲಿನ ತೋರ್ಸಿ ಹೇಳಿದವಡ. ಆ ಆಟಿಲಿ ಹುಟ್ಟಿದ ಮಾಣಿ ಎಂಗಳ ಮನೆಯವು. ಅವಕ್ಕೆ ಈ ಶುದ್ದಿ ಹೇಳಿದ್ದು ಆನು, ಕಳುದ ವಾರ.

ಇಷ್ಟು ಬರದ ಮೇಲೆ ಇನ್ನೊಂದು ಹೇಳದ್ರೆ ತಪ್ಪಕ್ಕು. ಎಂಗಳತ್ರೆ ಹತ್ತು ಮರ ಇತ್ತು. ಮರ ಇಲ್ಲದ್ದವು ಎಂತ ಮಾಡಿದವು? ಆಟಿಲಿ ಉದಿಯಪ್ಪಗ ಜಾಲಕೊಡಿಲಿ ಹೆಮ್ಮಕ್ಕೊ ಬಂದು ನಿಂಗಡ, ಒಂದು ಕಾಯಿಗೆ. ಕೊಡುಗು, ಇಲ್ಲೆ ಹೇಳಿದ್ದಿಲ್ಲೆ ಹೇಳುಗು ಅತ್ತೆ. ಆದರೆ ಕೊಡುವ ಕೈಯೂ ಒಳ್ಳೆ ಕಾಯಿ ಇತ್ಲಾಗಿ ಮಡುಗಿ, ಹಕ್ಕಿ ತಿಂದದು, ಬಿದ್ದು ಒಡದ್ದು ಅತ್ಲಾಗಿ ಕೊಟ್ಟದು ಇದ್ದು ಹೇಳಿಯೂ ಅವ್ವೇ ಹೇಳಿದವು. ಅವರ ಮನೆಲಿ ಬೇಳೆಯ ಗಂಜಿ ಆಗಿಗೊಂಡಿತ್ತು. ತುಳುವಿಲಿ ಹಲಸಿನ ಬೇಳೆಗೆ 'ಪೆಲತ್ತರಿ' ಹೇಳುದು. ಪೆಲ ಹೇಳಿರೆ ಹಲಸು, ಅರಿ ಹೇಳಿರೆ ಅಕ್ಕಿ. ದಿನಾ ಕೇಳುವ ಶಬ್ದ, ಈ ಕತೆ ಗೊಂತಾದ ಮತ್ತೆಯೇ ಎನ್ನ ಕೆಮಿಗೆ ಬಿದ್ದದು.

ಶ್ರೀಲಂಕಲ್ಲಿಯೂ ಹಾಂಗೆಯೇ. ಅಲ್ಲಿ ಹಲಸಿನ ಮರಕ್ಕೆ 'ಬತ್ ಗಸ' ಹೇಳುದು, ಅಶನದ ಮರ ಹೇಳಿ ಅರ್ಥ. ಬ್ರಿಟಿಷರ ಕಾಲಲ್ಲಿ ಅಲ್ಲಿ ಆರ್ಥರ್ ವಿ. ಡಯಾಸ್ ಹೇಳಿ ಒಬ್ಬರು, ಜೆನ ಹಶುವಿಲಿಪ್ಪಲಾಗ ಹೇಳಿ ದೇಶ ಇಡೀ ಹಲಸಿನ ಸೆಸಿ ನೆಡುಸುವ ಕೆಲಸಕ್ಕೆ ಇಳುದವು. ಜೆನ ಅವಕ್ಕೆ 'ಕೊಸ್ ಮಾಮ' ಹೇಳಿ ಹೆಸರು ಮಡುಗಿದವು, ಹಲಸಿನ ಮಾವ ಹೇಳಿ.

ನಮ್ಮ ಊರಿಲಿ ಅಕ್ಕಿಯ ಲೆಕ್ಕ ಬದಲಾದ್ದು 1974ರ ಭೂಸುಧಾರಣೆಲಿ. ಎಂಗಳ ಮನಗೂ ರಜ ಗೇಣಿ ಅಕ್ಕಿ ಬಂದೊಂಡಿತ್ತು, ನಿಂದತ್ತು. ಮನೆ ಹಿರಿಯೋರಿಂಗೆ ಅದು ದೊಡ್ಡ ಪೆಟ್ಟು, ಆ ಮಾತು ಕೇಳಿಯೇ ಆನು ದೊಡ್ಡ ಆದ್ದು. ಅತ್ತೆ ಮಾಂತ್ರ ಬೇರೆಯೇ ಹೇಳುಗು. ಗೇಣಿ ಕೊಟ್ಟೊಂಡಿತ್ತಿದ್ದವರ ಮನೆ ಹೆಮ್ಮಕ್ಕೊ ಆ ವರ್ಷದ ಮತ್ತೆ ಆಟಿಲಿ ಕಾಯಿ ಕೇಳಿಗೊಂಡು ಬಯಿಂದವಿಲ್ಲೆ ಹೇಳಿ. ಬಾಗಿಲಿನ ಗೀಟು ನಿಂದದೂ ಆಗಳೇ. ಮತ್ತೆ ಅಂಗಡಿಂದ ಗೋಣಿಲಿ ಅಕ್ಕಿ ಬಂತು, ಮುಡಿ ಕಟ್ಟುವವು ಇಲ್ಲೆ ಆದವು. 2013ರಲ್ಲಿ ಅನ್ನಭಾಗ್ಯ ಬಂದ ಮತ್ತೆ ರೇಶನ್ ಕಾರ್ಡಿಪ್ಪವಕ್ಕೆ ಅಕ್ಕಿಯ ಚಿಂತೆ ಮದಲಾಣಷ್ಟು ಇಲ್ಲೆ. ಒಳ್ಳೆದಾತು. ಹಲಸು ಮರದ ಬುಡಲ್ಲಿ ಬಿದ್ದು ಕೊಳವಲೆ ಸುರು ಆತು, ಗುಡ್ಡೆಯ ಮರಂಗಳ ಕಡುದು ರಬ್ಬರು ಹಾಕಿದವು.

ಈಗ ಹಲಸಿಂಗೆ ಪುನಾ ಬೆಲೆ ಬಯಿಂದು. ಪುತ್ತೂರಿಂದ 1988ರಿಂದ ಬತ್ತಾ ಇಪ್ಪ 'ಅಡಿಕೆ ಪತ್ರಿಕೆ'ಲಿ ಶ್ರೀ ಪಡ್ರೆಯವು ವರ್ಷಗಟ್ಳೆ ಇದರ ಬಗ್ಗೆ ಬರದವು, ಮೇಳಂಗೊ ಆತು, ಕೇರಳದವು 2018ರಲ್ಲಿ ಇದರ ರಾಜ್ಯದ ಹಣ್ಣು ಹೇಳಿ ಮಾಡಿದವು. ಆಟಿಡೊಂಜಿ ದಿನ ಹೇಳಿ ಹಾಲಿಲಿ ಕಾರ್ಯಕ್ರಮ ಮಾಡ್ತವು. ಕಳುದ ವರ್ಷ ಒಂದಕ್ಕೆ ಆನೂ ಹೋಗಿತ್ತಿದ್ದೆ. ಸೊಳೆ, ಬೇಳೆ, ತಜಂಕು, ಪತ್ರೊಡೆ, ಎಲ್ಲ ಸಾಲಿಂಗೆ ಮಡುಗಿತ್ತಿದ್ದವು, ಕೊನೆಲಿ ಐಸ್‌ಕ್ರೀಮು. ಕೊಶಿಲೇ ತಿಂದೆ, ಸುಳ್ಳು ಹೇಳ್ತಿಲ್ಲೆ. ಪಕ್ಕಲ್ಲಿ ಕೂದ ಒಂದು ಕೂಸು, "ಮದಲಾಣವು ಎಷ್ಟು ಲಾಯ್ಕಲ್ಲಿ ಉಂಡೊಂಡಿತ್ತಿದ್ದವು ಅಲ್ಲದೋ ದೊಡ್ಡಮ್ಮ?" ಹೇಳಿ ಕೇಳಿತ್ತು. ಎಂತ ಹೇಳೆಕ್ಕು ಹೇಳಿ ಗೊಂತಾಗದ್ದೆ ಅಪ್ಪು ಹೇಳಿ ಹೇಳಿದೆ.

ಬಾಗಿಲು ನಿನ್ನೆ ಪುನಾ ನಿಂದತ್ತು. ಕೆಳಾಣ ಹಲಗೆ ಹೊಸತ್ತು, ಬಣ್ಣ ಸರಿ ಸೇರಿದ್ದಿಲ್ಲೆ, ಇರಳಿ. ಆ 14 ಕಿಲೊ ಕಾಯಿಯ ಸೊಳೆಲಿ ಎರಡು ಕಿಲೊ ಭರಣಿಗೆ ಹಾಕಿದೆ. ಮರಲ್ಲಿ ಇನ್ನೂ ಹನ್ನೆರಡು ಬೆಳದು ನಿಂದಿದು, ಮನೆಲಿ ಈಗ ಎಂಗೊ ನಾಕೇ ಜೆನ. ಪೆರಾಬೆ ಹತ್ತರಾಣವು ಬಂದರೆ ಒಳ್ಳೆ ಕಾಯಿಯೇ ಕೊಡ್ತೆ. ಬಪ್ಪಗ ಒಂದು ಫೋನು ಮಾಡಿ, ಕೊಯ್ವಲೆ ಜೆನ ಮಾಡೆಕ್ಕನ್ನೆ. ಭರಣಿ ನಿಂಗೊಳೇ ತನ್ನಿ, ಎನ್ನತ್ರೆ ಒಂದೇ ಇಪ್ಪದು.